ಬೀರುವಿನ ಬೀಗ ತೆಗೆಯಿರಿ

(ಗಿರಣಿ ಕಾರ್ಮಿಕರೂ ಚಿಕ್ಕ ವರ್ತಕರೂ ಸೇರಿದ್ದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ಕರಪತ್ರದಲ್ಲಿ "ಶಾಲೆಯ ವಿಷಯ" ಎಂದಷ್ಟೇ ಅಚ್ಚಾಗಿತ್ತು. ಹಾಗಾಗಿ ನಿಮ್ಮಲ್ಲಿ ಕೆಲವರು ಫೀಜಿನ ಮಾತು ಬರುವುದೆಂದೂ ಕೆಲವರು ಮಾಸ್ತರರ ಕೊರತೆಯ ಮಾತು ಬರುವುದೆಂದೂ ಎಣಿಸಿ ಬಂದಿರಬೇಕು. ಅವೆರಡೂ ಆಡತಕ್ಕ ಮಾತುಗಳೇ; ಇನ್ನೊಂದು ದಿನ ಆಡೋಣ. ಇಂದು ನಾವು ಎತ್ತಿಕೊಂಡಿರುವುದು ಕತೆಪುಸ್ತಕದ ವಿಷಯ. ಮಕ್ಕಳು ಪರೀಕ್ಷೆಗಾಗಿ ಅಲ್ಲದೆ ಬರಿಯ ಸಂತೋಷಕ್ಕಾಗಿ ಓದುವ ವಿಷಯ.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಅಂದದ್ದು ನಮ್ಮ ಕಿವಿಗೆ ಬಿತ್ತು. ಕೇಳಿದ್ದು ಸರಿಯಾಗಿಯೇ ಇದೆ. ಒಂದು ಕಾಲಕ್ಕೆ ನಮ್ಮ ಅಭಿಪ್ರಾಯವೂ ಅದೇ ಆಗಿತ್ತು. ಅದು ಹೇಗೆ ಬದಲಾಯಿತೆಂಬುದನ್ನು ಮೊದಲು ಹೇಳಿ, ಆಮೇಲೆ ನಿಮ್ಮಿಂದ ಏನಾಗಬೇಕೆಂಬುದನ್ನು ಹೇಳುತ್ತೇವೆ.

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ನಮ್ಮ ಓದು ಮೆಟ್ರಿಕ್ಕಿನವರೆಗೆ ಮಾತ್ರ. ಪಂಡಿತರೆಂದು ನಾವು ಎಂದೂ ಹೇಳಿಕೊಂಡವರಲ್ಲ. ಶಿಸ್ತಿನ ಮಾಸ್ತರೆಂದು ಮಾತ್ರ ಹೇಳಿಕೊಳ್ಳುತ್ತಿದ್ದೆವು. ಐದನೆಯ ಇಯತ್ತೆಯಲ್ಲಿ ನಮ್ಮ ಕೈಕೆಳಗೆ ಒಬ್ಬ ಹುಡುಗನಿದ್ದ. ತಂದೆ ಗಿರಣಿಯಲ್ಲಿ ಮೂಟೆ ಹೊರುವವ, ತಾಯಿ ಮಂಡಕ್ಕಿ ಭಟ್ಟಿಗೆ ಹೋಗುವವಳು. ಹುಡುಗ ಲೆಕ್ಕದಲ್ಲಿ ಹಿಂದೆ, ಕಾಪಿ ಬರೆಯುವುದರಲ್ಲಿ ಇನ್ನೂ ಹಿಂದೆ. ಒಂದು ದಿನ ನಾವು ಭಾಗಾಕಾರ ಹೇಳಿಕೊಡುತ್ತಿದ್ದಾಗ ಅವನ ತಲೆ ಬೆಂಚಿನ ಕೆಳಗೆ ಬಗ್ಗಿತ್ತು. ಹೋಗಿ ನೋಡಿದರೆ ತೊಡೆಯ ಮೇಲೆ ರಟ್ಟು ಹರಿದ ಹಳೆಯದೊಂದು ಚಂದಮಾಮ. ರದ್ದಿ ಅಂಗಡಿಯಲ್ಲಿ ಎರಡು ರೂಪಾಯಿ ಕೊಟ್ಟು ತಂದದ್ದಂತೆ. ಅವನು ಓದುತ್ತಿದ್ದದ್ದು ಬೇತಾಳನ ಕತೆ.

ನಾವು ಏನು ಮಾಡಿದೆವು? ಕಿತ್ತುಕೊಂಡೆವು. ಇಡೀ ತರಗತಿಯ ಎದುರಿಗೆ ಹರಿದು ಎರಡು ತುಂಡು ಮಾಡಿ ಕಿಟಕಿಯಿಂದಾಚೆ ಎಸೆದೆವು. "ಪಾಠ ಓದಲು ಬಾರದವನಿಗೆ ಕತೆ ಬೇರೆ ಕೇಡು" ಎಂದೆವು. ತರಗತಿ ನಕ್ಕಿತು. ನಮಗೆ ಒಳ್ಳೆಯ ಕೆಲಸ ಮಾಡಿದ ತೃಪ್ತಿಯಾಯಿತು.

ಮನೆಗೆ ಬಂದ ಮೇಲೆ ಒಂದು ಯೋಚನೆ ಬಂದೇ ಬಂತು. ಈ ಹುಡುಗನಿಗೆ ಓದಲು ಬರುವುದಿಲ್ಲವೆಂದು ಪ್ರಗತಿಪತ್ರದಲ್ಲಿ ನಾವೇ ಬರೆದಿದ್ದೆವು. ಓದಲು ಬಾರದವನು ಭಾಗಾಕಾರದ ನಡುವೆ, ಏಟು ಬೀಳುವುದೆಂದು ತಿಳಿದೂ, ಬೆಂಚಿನ ಕೆಳಗೆ ಏನು ಮಾಡುತ್ತಿದ್ದ? ಅವನಿಗೆ ಓದು ಬರುತ್ತಿತ್ತು. ನಾವು ಕೊಟ್ಟದ್ದನ್ನು ಓದಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೇ. ಈ ಯೋಚನೆ ಬಂದರೂ ನಾವು ಮರುದಿನ ಅವನನ್ನು ಕರೆದು ಮಾತನಾಡಿಸಲಿಲ್ಲ. ಮಾಸ್ತರಿಕೆಯ ಬಿಗುಮಾನ ಅಡ್ಡಬಂತು. ಏಳನೆಯ ಇಯತ್ತೆ ಮುಗಿಯುವುದರೊಳಗೆ ಅವನು ಶಾಲೆ ಬಿಟ್ಟ.

ಇದು ನಮ್ಮೊಬ್ಬರ ತಪ್ಪಾಗಿದ್ದರೆ ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಈ ಸಭೆ ಕರೆಯುವ ಅಗತ್ಯವಿರಲಿಲ್ಲ. ಆದರೆ ನಮ್ಮ ಬಹುತೇಕ ಶಾಲೆಗಳಲ್ಲಿ ಓದು ನಡೆಯುವ ರೀತಿಯೇ ಹೀಗಿದೆ. ಪಾಠ ಓದಿದರೆ ಕೆಳಗೆ ಪ್ರಶ್ನೆ. ಪದ್ಯ ಓದಿದರೆ ಕಂಠಪಾಠ. ಕತೆ ಓದಿದರೆ ಕೊನೆಗೆ "ಇದರ ನೀತಿ ಏನು?" ಮಗು ಒಂದು ಪುಟ ಓದಿತೆಂದರೆ ಅದಕ್ಕೆ ಏನಾದರೊಂದು ದಂಡ ಕಟ್ಟಬೇಕು. ಹೋಟೆಲಿನಲ್ಲಿ ನೀವು ಒಂದು ದೋಸೆ ತಿಂದು ಮುಗಿಸುತ್ತಲೇ ಮಾಣಿ ಬಂದು "ಇದರಲ್ಲಿ ಉದ್ದು ಎಷ್ಟು, ಅಕ್ಕಿ ಎಷ್ಟು, ವಿವರಿಸಿ" ಎಂದು ಕೇಳಿದರೆ ನೀವು ಆ ಹೋಟೆಲಿಗೆ ಮತ್ತೊಮ್ಮೆ ಹೋಗುತ್ತೀರಾ?

ಬೇತಾಳನೂ ಕತೆ ಮುಗಿಸಿ ಪ್ರಶ್ನೆ ಕೇಳುತ್ತಾನಲ್ಲವೇ ಎಂದು ನೀವು ಹೇಳಬಹುದು. ಹೌದು, ಕೇಳುತ್ತಾನೆ. ಆದರೆ ಆ ಪ್ರಶ್ನೆಗೆ ಮಗು ತಾನಾಗಿ ತಲೆ ಕೆರೆದುಕೊಳ್ಳುತ್ತದೆ; ಯಾರೂ ಹತ್ತಕ್ಕೆ ಮೂರು ಅಂಕ ಕೊಟ್ಟು ಕೆಂಪು ಶಾಯಿಯಲ್ಲಿ ಬರೆಯುವುದಿಲ್ಲ.

ಇನ್ನು ಬೀರುವಿನ ಮಾತು. ನಮ್ಮ ಶಾಲೆಯಲ್ಲಿ ಪುಸ್ತಕಗಳಿರಲಿಲ್ಲವೆಂದು ತಿಳಿಯಬೇಡಿ. ಹೆಡ್‌ ಮಾಸ್ತರರ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು, ಅದರ ತುಂಬ ಕತೆಪುಸ್ತಕ. ಬೀಗದ ಕೈ ಹೆಡ್‌ ಮಾಸ್ತರರ ಜನಿವಾರದಲ್ಲಿಯೋ ಉಡಿದಾರದಲ್ಲಿಯೋ ಇರುತ್ತಿತ್ತೆಂದು ಮಕ್ಕಳು ಹಾಸ್ಯ ಮಾಡುತ್ತಿದ್ದರು. ೧೯೮೭ರಲ್ಲಿ ಕೇಂದ್ರ ಸರ್ಕಾರ "ಆಪರೇಷನ್ ಬ್ಲ್ಯಾಕ್‌ಬೋರ್ಡ್" ಎಂಬ ಯೋಜನೆ ತಂದಿತು. ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಮಾಸ್ತರರು, ಪಾಠೋಪಕರಣಗಳ ಜೊತೆಗೆ ಪುಸ್ತಕಗಳನ್ನೂ ಕೊಡಿಸುವುದು ಅದರ ಉದ್ದೇಶ. ಆಮೇಲೆ ೨೦೦೯ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯಾಯಿತು. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಅದರ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಯಲ್ಲೂ ಗ್ರಂಥಾಲಯವಿರಬೇಕು, ವೃತ್ತಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯದ ಪುಸ್ತಕಗಳು, ಕತೆಪುಸ್ತಕಗಳು ಸಹ ಅದರಲ್ಲಿರಬೇಕು ಎಂದು ಹೇಳಿದೆ. ಕತೆಪುಸ್ತಕವೆಂಬ ಮಾತು ಕಾಯಿದೆಯಲ್ಲಿಯೇ ಇದೆ, ಗಮನಿಸಿ. ನಾವು ಮಲ್ಲಿಗೆ ಹೂವೆಂದದ್ದನ್ನು ಕಾಯಿದೆ ಹಿಟ್ಟಿನ ಲೆಕ್ಕಕ್ಕೆ ಸೇರಿಸಿದೆ.

ಹಾಗಿದ್ದರೂ ಬೀಗ ಏಕೆ? ಹೆಡ್‌ ಮಾಸ್ತರರು ದುಷ್ಟರೆಂದಲ್ಲ. ಪುಸ್ತಕ ಸ್ಟಾಕ್ ರಿಜಿಸ್ಟರಿನಲ್ಲಿದೆ. ತಪಾಸಣೆಯ ದಿನ ಒಂದು ಪುಸ್ತಕ ಕಡಿಮೆ ಬಂದರೆ ಸಮಜಾಯಿಷಿ ಕೊಡಬೇಕು, ಕೈಯಿಂದ ಹಣ ತುಂಬಬೇಕೆಂಬ ಭಯ. ಓದಿ ಹರಿದರೆ ಹೆಡ್‌ ಮಾಸ್ತರರ ತಪ್ಪು. ಓದದೆ ಗೆದ್ದಲು ಹಿಡಿದರೆ ಯಾರ ತಪ್ಪೂ ಅಲ್ಲ. ಇಂಥ ನಿಯಮವಿರುವಾಗ ಯಾವ ಬುದ್ಧಿವಂತ ಬೀಗ ತೆಗೆದಾನು?

ಗಿರಣಿಯವರು ಹೇಳಿ, ಹತ್ತಿಯನ್ನು ಕಾರ್ಡಿಂಗಿಗೆ ಹಾಕಿದಾಗ ವೇಸ್ಟು ಹೋಗುವುದಿಲ್ಲವೇ? ಹೋಗುತ್ತದೆಂದು ಹತ್ತಿಯನ್ನು ಗೋದಾಮಿನಲ್ಲಿಯೇ ಕೂಡಿಟ್ಟರೆ ನೂಲು ಎಲ್ಲಿಂದ ಬಂದೀತು? ಅಂಗಡಿಯವರು ಹೇಳಿ, ಸಕ್ಕರೆ ಮೂಟೆ ಬಿಚ್ಚಿ ತೂಗಿದರೆ ಒಂದಿಷ್ಟು ಸೋರುತ್ತದೆ. ಸೋರುತ್ತದೆಂದು ಮೂಟೆ ಬಿಚ್ಚದೆ ಕೂಡುತ್ತೀರಾ? ವರ್ಷಕ್ಕೆ ನೂರು ಪುಸ್ತಕದಲ್ಲಿ ಹತ್ತು ಹರಿದರೆ, ಕಳೆದರೆ, ಅದು ನಷ್ಟವಲ್ಲ. ಆ ಹತ್ತನ್ನು ಯಾರೋ ಓದಿದ್ದಾರೆಂಬುದಕ್ಕೆ ಅದು ರಸೀದಿ.

ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಹಿರಿಯರು ಎಸ್. ಆರ್. ರಂಗನಾಥನ್. ಮೊದಲು ಗಣಿತದ ಮಾಸ್ತರಾಗಿದ್ದವರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ೧೯೩೧ರಲ್ಲಿ ಅವರು ಗ್ರಂಥಾಲಯದ ಐದು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ ಇಷ್ಟೇ: ಪುಸ್ತಕ ಇರುವುದು ಬಳಸುವುದಕ್ಕೆ, ಕಾಪಾಡಿ ಇಡುವುದಕ್ಕಲ್ಲ. ಹಿಂದೆ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಬಿಗಿಯುತ್ತಿದ್ದರೆಂಬುದನ್ನು ಅವರು ಅದೇ ಗ್ರಂಥದಲ್ಲಿ ವಿವರಿಸುತ್ತಾರೆ. ಅದೇ ೧೯೩೧ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಪುಸ್ತಕಗಳನ್ನು ಎತ್ತಿನ ಗಾಡಿಯಲ್ಲಿ ತುಂಬಿ ಹಳ್ಳಿ ಹಳ್ಳಿಗೆ ಕೊಂಡೊಯ್ಯುವ ಏರ್ಪಾಟಾಯಿತು. ಎತ್ತಿನ ಗಾಡಿಯಲ್ಲಿ ಹಳ್ಳಿಗೆ ಹೋದ ಪುಸ್ತಕ, ಹೆಡ್‌ ಮಾಸ್ತರರ ಕೋಣೆಯಿಂದ ಪಕ್ಕದ ತರಗತಿಗೆ ಬರಲಾರದೇ?

ಬೀಗ ತೆಗೆದರೆ ಸಾಕೇ? ಸಾಲದು. ಇದನ್ನೂ ನಾವು ಅನುಭವದಿಂದಲೇ ಹೇಳುತ್ತೇವೆ. ಆ ಹುಡುಗ ಶಾಲೆ ಬಿಟ್ಟ ಮೇಲೆ ನಮಗೆ ಪಶ್ಚಾತ್ತಾಪವಾಗಿ, ಹೆಡ್‌ ಮಾಸ್ತರರನ್ನು ಕಾಡಿ ಬೇಡಿ ಮೂವತ್ತು ಪುಸ್ತಕ ಹೊರಗೆ ತೆಗೆಸಿದೆವು. ಶನಿವಾರ ಬೆಳಗ್ಗೆ ಒಂದು ಪೀರಿಯಡ್ ಓದಿಗೆಂದು ಇಟ್ಟೆವು. ಏನಾಯಿತು? ಮಕ್ಕಳ ಕೈಗೆ ಪುಸ್ತಕ ಕೊಟ್ಟು ನಾವು ಕುರ್ಚಿಯಲ್ಲಿ ಕುಳಿತು ಹಾಜರಿ ಪುಸ್ತಕ ತುಂಬುತ್ತಿದ್ದೆವು. ಪಕ್ಕದ ಕೋಣೆಯ ಮಾಸ್ತರರು ಇಣುಕಿ ನೋಡಿ, "ಏನು ಸ್ವಾಮಿ, ಇವತ್ತು ರಜವೇ?" ಎಂದರು. ಎರಡು ತಿಂಗಳಲ್ಲಿ ಪರೀಕ್ಷೆ ಬಂತು. ಓದಿನ ಪೀರಿಯಡ್ಡು ಗಣಿತಕ್ಕೆ ಹೋಯಿತು. ಮಕ್ಕಳೂ ಬೇಸರಪಡಲಿಲ್ಲ. ಮಾಸ್ತರೇ ಓದದ ಪುಸ್ತಕವನ್ನು ತಾವು ಏಕೆ ಓದಬೇಕೆಂದು ಅವರಿಗೂ ಅನ್ನಿಸಿರಬೇಕು.

ಮಕ್ಕಳು ನಾವು ಹೇಳಿದ್ದನ್ನು ಮಾಡುವುದಿಲ್ಲ, ಮಾಡಿದ್ದನ್ನು ಮಾಡುತ್ತಾರೆ. ಮಾಸ್ತರರ ಕೈಯಲ್ಲಿ ಬೆತ್ತ, ಸೀಮೆಸುಣ್ಣ, ಮೊಬೈಲು ಇವನ್ನು ಮಗು ದಿನವೂ ನೋಡುತ್ತದೆ. ಅವರು ತಮ್ಮ ಸಂತೋಷಕ್ಕಾಗಿ ಒಂದು ಪುಸ್ತಕ ಹಿಡಿದು ಮೈಮರೆತದ್ದನ್ನು ಹತ್ತು ವರ್ಷದ ಶಾಲಾ ಜೀವನದಲ್ಲಿ ಒಮ್ಮೆಯಾದರೂ ನೋಡಿರುತ್ತದೆಯೇ? ನಮ್ಮನ್ನಂತೂ ನೋಡಿರಲಿಲ್ಲ. ಆದ್ದರಿಂದಲೇ ಓದಿನ ರೂಢಿ ಒಬ್ಬ ಮಾಸ್ತರನಿಂದ, ಒಂದು ಪೀರಿಯಡ್ಡಿನಿಂದ ಬರತಕ್ಕದ್ದಲ್ಲ. ಇಡೀ ಶಾಲೆ ಓದಬೇಕು. ಹೆಡ್‌ ಮಾಸ್ತರರಿಂದ ಹಿಡಿದು ಜವಾನನವರೆಗೆ, ಒಂದನೆಯ ಇಯತ್ತೆಯಿಂದ ಹಿಡಿದು ಬಿಸಿಯೂಟದ ಅಮ್ಮಂದಿರವರೆಗೆ.

ಇದು ಆಗುವ ಮಾತೇ ಎಂದು ಕೇಳುವವರಿಗೆ ಜಪಾನಿನ ಉದಾಹರಣೆ ಕೊಡುತ್ತೇವೆ. ಟೋಕಿಯೋ ಪಕ್ಕದ ಚಿಬಾ ಪ್ರಾಂತದ ಫುನಾಬಾಶಿ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಒಂದು ಪ್ರೌಢಶಾಲೆ. ಅಲ್ಲಿ ೧೯೮೮ರಲ್ಲಿ ಹಯಾಶಿ ಹಿರೋಶಿ ಎಂಬ ಉಪಾಧ್ಯಾಯರು ಬೆಳಗಿನ ಓದು ಎಂಬ ಪದ್ಧತಿ ಆರಂಭಿಸಿದರು. ಪಾಠ ಶುರುವಾಗುವ ಮೊದಲು ಹತ್ತು ನಿಮಿಷ ಎಲ್ಲರೂ ಮೌನವಾಗಿ ಓದುವುದು. ನಿಯಮಗಳು ನಾಲ್ಕೇ ನಾಲ್ಕು. ಎಲ್ಲರೂ ಓದುವುದು, ದಿನವೂ ಓದುವುದು, ತಮಗೆ ಇಷ್ಟವಾದ ಪುಸ್ತಕ ಓದುವುದು, ಸುಮ್ಮನೆ ಓದುವುದು. ಅದು ಒಂದು ಶಾಲೆಯಿಂದ ಇನ್ನೊಂದಕ್ಕೆ ಹಬ್ಬಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಶಾಲೆಗಳನ್ನು ಮುಟ್ಟಿತು.

ಈ ನಾಲ್ಕು ನಿಯಮಗಳು ನೋಡುವುದಕ್ಕೆ ಸಾದಾ ಆಗಿ ಕಾಣುತ್ತವೆ. ಒಂದೊಂದರ ಹಿಂದೆಯೂ ಒಂದು ಅರ್ಥವಿದೆ.

ಎಲ್ಲರೂ ಎಂದರೆ ಮಾಸ್ತರರೂ ಸೇರಿ. ಆಗ ಓದು ಎಂಬುದು ದೊಡ್ಡವರು ಚಿಕ್ಕವರ ಮೇಲೆ ಹೊರಿಸುವ ಹೊರೆಯಾಗುವುದಿಲ್ಲ.

ದಿನವೂ ಎಂದರೆ ರೂಢಿ. ವರ್ಷಕ್ಕೊಮ್ಮೆ ಪುಸ್ತಕ ಸಪ್ತಾಹ ಮಾಡಿ, ಹೂಮಾಲೆ ಹಾಕಿ, ಫೋಟೋ ತೆಗೆಸಿ, ಮರುದಿನ ಬೀಗ ಹಾಕಿದರೆ ಅದು ಜಾತ್ರೆ. ಜಾತ್ರೆಯ ಊಟದಿಂದ ಮೈ ಬೆಳೆಯುವುದಿಲ್ಲ.

ಇಷ್ಟವಾದದ್ದು ಎಂದರೆ ಮಗುವಿಗೆ ಇಷ್ಟವಾದದ್ದು, ನಮಗಲ್ಲ. ಏಳನೆಯ ಇಯತ್ತೆಯವನು ಮೂರನೆಯ ಇಯತ್ತೆಯ ಚಿತ್ರಪುಸ್ತಕ ಹಿಡಿದರೆ ಹಿಡಿಯಲಿ. ಓದಿದ್ದನ್ನೇ ಹತ್ತು ಸಲ ಓದಿದರೆ ಓದಲಿ. ಅರ್ಧಕ್ಕೆ ಬಿಟ್ಟರೆ ಬಿಡಲಿ. ನೀವು ಕಂಡ ಸಿನಿಮಾಗಳನ್ನೆಲ್ಲ ಕೊನೆಯವರೆಗೆ ನೋಡಿದ್ದೀರಾ?

ಸುಮ್ಮನೆ ಎಂದರೆ ಪ್ರಶ್ನೆಯಿಲ್ಲ, ಸಾರಾಂಶವಿಲ್ಲ, ಅಂಕವಿಲ್ಲ, ಬಹುಮಾನವೂ ಇಲ್ಲ. ಇದು ನಮ್ಮಂಥ ಮಾಸ್ತರರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ. ಕೇಳದೆ ಇರಲು ನಮ್ಮ ನಾಲಗೆಗೆ ಆಗುವುದಿಲ್ಲ. ಆದರೆ ಇದೊಂದನ್ನು ಬಿಟ್ಟರೆ ಉಳಿದ ಮೂರೂ ನೀರಿನಲ್ಲಿ ಹೋಮ.

ಹತ್ತು ನಿಮಿಷದಿಂದ ಏನಾದೀತೆನ್ನುವ ವರ್ತಕ ಮಿತ್ರರಿಗೆ ಲೆಕ್ಕ ಕೊಡುತ್ತೇವೆ. ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ಇಯತ್ತೆಗೆ ವರ್ಷಕ್ಕೆ ೨೦೦ ದಿನ, ಆರರಿಂದ ಎಂಟಕ್ಕೆ ೨೨೦ ದಿನ ಶಾಲೆ ನಡೆಯಬೇಕು. ಎಂಟು ವರ್ಷಕ್ಕೆ ೧೬೬೦ ದಿನ. ದಿನಕ್ಕೆ ಹತ್ತು ನಿಮಿಷದಂತೆ ೧೬,೬೦೦ ನಿಮಿಷ; ಅಂದರೆ ೨೭೬ ಗಂಟೆಗೂ ಮೇಲೆ. ಚಿಲ್ಲರೆಯಾಗಿ ಹಾಕಿದ ಬಂಡವಾಳ ಎಷ್ಟು ದೊಡ್ಡದಾಯಿತು ನೋಡಿರಿ.

ಇನ್ನು ಮುಖ್ಯವಾದ ಆಕ್ಷೇಪಣೆಗೆ ಬರೋಣ. "ಧಣಿಗಳ ಮಕ್ಕಳು ಓದಲಿ, ನಮ್ಮ ಮಕ್ಕಳು ನಾಲ್ಕು ಅಕ್ಷರ ಕಲಿತು ಬೇಗ ಒಂದು ನೌಕರಿ ಹಿಡಿಯಲಿ" ಎಂದು ನಮ್ಮ ಗಿರಣಿ ಬಂಧುಗಳು ಹೇಳುವುದುಂಟು. ಈ ಮಾತಿನ ಹಿಂದಿನ ಕಷ್ಟ ನಮಗೆ ಗೊತ್ತು. ಆದರೆ ಲೆಕ್ಕ ತಿರುಗುಮುರುಗಾಗಿದೆ.

೨೦೦೦ದಲ್ಲಿ ಪ್ಯಾರಿಸಿನಲ್ಲಿರುವ ಆರ್ಥಿಕ ಸಹಕಾರ ಸಂಸ್ಥೆಯವರು ೩೨ ದೇಶಗಳಲ್ಲಿ ೧೫ ವರ್ಷದ ಮಕ್ಕಳ ಓದನ್ನು ಪರೀಕ್ಷಿಸಿದರು. ಪೀಸಾ ಎಂದು ಅದರ ಹೆಸರು. ಭಾರತ ಅದರಲ್ಲಿ ಇರಲಿಲ್ಲ. ೨೦೦೨ರಲ್ಲಿ ಬಂದ ವರದಿಯಲ್ಲಿ ಒಂದು ಸಂಗತಿ ಕಂಡಿತು. ತೀರ ಕೆಳದರ್ಜೆಯ ಉದ್ಯೋಗದ ತಂದೆತಾಯಿಗಳ ಮಕ್ಕಳಾದರೂ ಪ್ರೀತಿಯಿಂದ ಬಹಳ ಓದುವವರು, ಮೇಲುದರ್ಜೆಯ ಉದ್ಯೋಗದ ತಂದೆತಾಯಿಗಳ, ಆದರೆ ಓದಿನಲ್ಲಿ ಆಸಕ್ತಿಯಿಲ್ಲದ ಮಕ್ಕಳಿಗಿಂತ ಓದಿನ ಪರೀಕ್ಷೆಯಲ್ಲಿ ಸರಾಸರಿ ಹೆಚ್ಚು ಅಂಕ ಪಡೆದಿದ್ದರು. ಕತೆಪುಸ್ತಕ ಓದಿದ ಮಾತ್ರಕ್ಕೆ ಬಡತನ ಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಬೇರೆ ಹೋರಾಟಗಳುಂಟು. ಆದರೆ ಇಷ್ಟು ಮಾತ್ರ ಹೇಳಬಹುದು: ಶ್ರೀಮಂತರ ಮಗುವಿಗೆ ಟ್ಯೂಷನ್ನಿದೆ, ಮನೆಯಲ್ಲಿ ಪುಸ್ತಕದ ಕಪಾಟಿದೆ, ಇಂಗ್ಲಿಷ್ ಬಲ್ಲ ತಾಯಿಯಿದ್ದಾಳೆ. ನಮ್ಮ ಮಗುವಿಗೆ ಇರುವುದು ಶಾಲೆಯೊಂದೇ. ಶಾಲೆಯಲ್ಲಿ ಓದಿನ ರುಚಿ ಹತ್ತದಿದ್ದರೆ ಅದಕ್ಕೆ ಬೇರೆಲ್ಲಿಯೂ ಹತ್ತುವುದಿಲ್ಲ. ಹಾಗಾಗಿ ಇದು ಶ್ರೀಮಂತರ ಶೋಕಿಯಲ್ಲ. ಬಡವರಿಗೇ ಹೆಚ್ಚು ಬೇಕಾದದ್ದು.

"ನಾವೇ ಓದು ಬಾರದವರು, ಮಕ್ಕಳಿಗೆ ಏನು ಸಹಾಯ ಮಾಡಲಿ?" ಎಂದು ತಾಯಂದಿರು ಕೇಳುತ್ತಾರೆ. ಅವರಿಗೆ ಕಣ್ಣೂರಿನ ಬೀಡಿ ಕೆಲಸಗಾರರ ವಿಷಯ ಹೇಳಬೇಕು. ಕೇರಳದ ಬೀಡಿ ಶಾಲೆಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು, ಇಂಥ ವಾಡಿಕೆ ಇತ್ತು. ಓದುವವನ ಕೂಲಿ ಕಡಿಮೆಯಾಗಬಾರದೆಂದು ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು. ೧೯೬೯ರಲ್ಲಿ ಕಣ್ಣೂರಿನಲ್ಲಿ ಕೆಲಸಗಾರರದೇ ದಿನೇಶ್ ಬೀಡಿ ಸಹಕಾರ ಸಂಘವಾದಾಗ ಈ ವಾಡಿಕೆ ಅಲ್ಲಿಯೂ ಮುಂದುವರಿಯಿತು. ಇನ್ನೂ ಹಿಂದೆ, ೧೮೬೫ರಲ್ಲಿ, ಕ್ಯೂಬಾ ದೇಶದ ಹವಾನಾ ನಗರದ ಚುಟ್ಟಾ ಕಾರ್ಖಾನೆಯಲ್ಲಿ ಇದೇ ರೀತಿ ಆರಂಭವಾಗಿತ್ತು. ಓದುವವನಿಗೆ ಸಂಬಳ ಕೊಡುತ್ತಿದ್ದವರು ಕೆಲಸಗಾರರೇ, ಮಾಲೀಕರಲ್ಲ. ಮರುವರ್ಷವೇ ಅಲ್ಲಿನ ಗವರ್ನರು ಅದನ್ನು ನಿಷೇಧಿಸಿದ. ಕೆಲಸಗಾರರು ಕತೆ ಕೇಳಿದರೆ ಯಾರಿಗೆ ನಿದ್ದೆ ಕೆಡುತ್ತದೆಂಬುದನ್ನು ಇದರಿಂದಲೇ ತಿಳಿಯಬಹುದು. ನಿಷೇಧ ಉಳಿಯಲಿಲ್ಲ, ಓದು ಮರಳಿ ಬಂತು. ಆ ಚುಟ್ಟಾಗಳಲ್ಲಿ ಒಂದಕ್ಕೆ ಮಾಂಟೆಕ್ರಿಸ್ಟೋ ಎಂಬ ಹೆಸರು ಬಂದದ್ದು ಫ್ರಾನ್ಸಿನ ಡ್ಯೂಮಾ ಬರೆದ ಕಾದಂಬರಿಯಿಂದ.

ಇದರ ಅರ್ಥವೇನು? ಓದುವುದಕ್ಕೆ ಒಬ್ಬರಿದ್ದರೆ ಸಾಕು, ಕೇಳುವುದಕ್ಕೆ ಎಲ್ಲರಿಗೂ ಬರುತ್ತದೆ. ತಾಯಂದಿರೇ, ರಾತ್ರಿ ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು "ಆ ಕತೆ ಓದು, ನಾನು ಕೇಳುತ್ತೇನೆ" ಎನ್ನಿರಿ. ತಪ್ಪು ಓದಿದರೆ ತಿದ್ದಬೇಡಿ. ನಿಮಗೆ ಓದು ಬಾರದಿರುವುದು ಇಲ್ಲಿ ಅನುಕೂಲವೇ ಆಯಿತು. ಆಮೇಲೆ ನೀವು ಅಜ್ಜಿಯಿಂದ ಕೇಳಿದ ಒಂದು ಕತೆಯನ್ನು ಮಗುವಿಗೆ ಹೇಳಿರಿ. ಲೆಕ್ಕ ಚುಕ್ತಾ.

ಓದುವುದಕ್ಕೆ ಕನ್ನಡದಲ್ಲಿ ಏನಿದೆ ಎನ್ನಬೇಡಿ. ಮಂಗಳೂರಿನ ಪಂಜೆ ಮಂಗೇಶರಾಯರು ಮಾಸ್ತರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿದವರು. ಮಕ್ಕಳಿಗಾಗಿ ಕತೆ, ಹಾಡು ಬರೆಯುವುದು ತಮ್ಮ ಘನತೆಗೆ ಕಡಿಮೆಯೆಂದು ಎಣಿಸಲಿಲ್ಲ. ಕುವೆಂಪು ಕಿಂದರಿಜೋಗಿಯನ್ನು ಕೊಟ್ಟರು, ರಾಜರತ್ನಂ ತುತ್ತೂರಿ ಕೊಟ್ಟರು. ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ಬಾಲಪ್ರಪಂಚ ಎಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಬರೆದು ಮುಗಿಸಿದರು. ಅವರೆಲ್ಲರಿಗಿಂತ ಮೊದಲು ನಮ್ಮ ಹಾವೇರಿ ಸೀಮೆಯ ಗಳಗನಾಥರು, ಅವರೂ ಮಾಸ್ತರರೇ, ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೊರುವ ಕೆಲಸದ ಬೆಲೆ ಗೊತ್ತಿರುವ ನಮ್ಮ ಹಮಾಲ ಬಂಧುಗಳು ಇದನ್ನು ನೆನಪಿಡಬೇಕು. ಇಂದು ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಮೊದಲಾದವರು ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ಅಚ್ಚು ಹಾಕುತ್ತಾರೆ. ಮೊಬೈಲು ಬಿಡದ ಮಗುವಿದ್ದರೆ, ಪ್ರಥಮ್‌ನವರು ೨೦೧೫ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳನ್ನು ಕಾಸಿಲ್ಲದೆ ಓದಿಸಬಹುದು.

ಈಗ ನಿಮ್ಮಿಂದ ಆಗತಕ್ಕ ಕೆಲಸಗಳು. ನಾಲ್ಕೇ ಹೇಳುತ್ತೇವೆ.

ಮೊದಲನೆಯದು, ಬೀಗ. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರ ಸದಸ್ಯರಲ್ಲಿ ಹೆಚ್ಚಿನವರು ಪಾಲಕರೇ. ಮುಂದಿನ ಸಭೆಗೆ ತಪ್ಪದೆ ಹೋಗಿ ಒಂದೇ ಪ್ರಶ್ನೆ ಕೇಳಿರಿ: "ಬೀರುವಿನಲ್ಲಿ ಎಷ್ಟು ಪುಸ್ತಕವಿದೆ? ಕಳೆದ ತಿಂಗಳು ಎಷ್ಟು ಹೊರಗೆ ಹೋದವು?" ಜೊತೆಗೆ, ಓದಿ ಹರಿದ, ಕಳೆದ ಪುಸ್ತಕಕ್ಕೆ ಮಾಸ್ತರರು ಹೊಣೆಯಲ್ಲ, ಸಮಿತಿ ಹೊಣೆಯೆಂದು ಅಲ್ಲಿಯೇ ಗೊತ್ತುವಳಿ ಬರೆಸಿರಿ. ಮಾಸ್ತರರ ಭಯ ತೆಗೆಯದೆ ಬೀಗ ತೆಗೆಯಿರೆಂದರೆ ಅದು ನ್ಯಾಯವಲ್ಲ.

ಎರಡನೆಯದು, ಹತ್ತು ನಿಮಿಷ. ದಿನವೂ, ಎಲ್ಲರೂ, ಇಷ್ಟವಾದದ್ದು, ಸುಮ್ಮನೆ. ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವವರು ಅಲ್ಲಿಯೂ ಇದನ್ನೇ ಕೇಳಿರಿ. ಫೀಜು ಕಟ್ಟುವವರಿಗೆ ಕೇಳುವ ಹಕ್ಕಿಲ್ಲವೇ?

ಮೂರನೆಯದು ವರ್ತಕ ಮಿತ್ರರಿಗೆ. ಅಂಗಡಿಯ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ಓದಿರಿ. ಅದರಲ್ಲಿ ಗ್ರಂಥಾಲಯ ಕರ ಎಂದು ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ ಸೇರಿರುತ್ತದೆ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಎತ್ತುವ ಹಣವದು. ಸ್ಥಳೀಯ ಸಂಸ್ಥೆ ಅದನ್ನು ಗ್ರಂಥಾಲಯಕ್ಕೆ ಮುಟ್ಟಿಸಬೇಕು. ನಿಮ್ಮ ಹಣ ಮುಟ್ಟಿತೇ ಎಂದು ನಗರಸಭೆಯಲ್ಲಿ ಕೇಳಿರಿ. ಪೇಟೆಯ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗವಿದೆಯೇ ಎಂದು ಹೋಗಿ ನೋಡಿರಿ. ಹಳ್ಳಿಯಲ್ಲಿ ಅಣ್ಣತಮ್ಮಂದಿರ ಮಕ್ಕಳಿದ್ದರೆ ಅವರಿಗೂ ತಿಳಿಸಿರಿ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ೨೦೨೦ರಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವದ ಏರ್ಪಾಟಾಗಿದೆ.

ನಾಲ್ಕನೆಯದು, ರದ್ದಿ. ಕಿರಾಣಿ ಅಂಗಡಿಯ ಪೊಟ್ಟಣದ ಕಾಗದವನ್ನು ಬಿಡಿಸಿ ಓದುವ ಮಗುವನ್ನು ನೀವೆಲ್ಲರೂ ನೋಡಿದ್ದೀರಿ. ಶೇಂಗಾ ತಿಂದಾದ ಮೇಲೆ ಕಾಗದ ಸವರಿ ಓದುತ್ತದೆ. ಕತೆ ಅರ್ಧಕ್ಕೆ ಹರಿದಿರುತ್ತದೆ. ರದ್ದಿಗೆ ಬರುವ ಮಕ್ಕಳ ಪುಸ್ತಕ, ಹಳೆಯ ಮಾಸಪತ್ರಿಕೆಗಳನ್ನು ತೂಕಕ್ಕೆ ಹಾಕದೆ ಬೇರೆ ತೆಗೆದಿಡಿ. ತಿಂಗಳಿಗೊಮ್ಮೆ ನಮ್ಮ ಕಾರ್ಯಕರ್ತರು ಬಂದು ಒಯ್ದು ಹೊಲಿದು ರಟ್ಟು ಹಾಕಿ ಶಾಲೆಗೆ ಮುಟ್ಟಿಸುತ್ತಾರೆ. ರದ್ದಿಯ ಬೆಲೆ ನಾವೇ ಕೊಡುತ್ತೇವೆ. ಯಾರಿಗೂ ನಷ್ಟ ಬೇಡ.

ಕೊನೆಗೆ ಆ ಹುಡುಗನ ವಿಷಯ. ಹೋದ ವರ್ಷ ಕೂಲಿ ಒಪ್ಪಂದದ ಮಾತಿಗಾಗಿ ಹಮಾಲರ ತಂಡವೊಂದು ನಮ್ಮ ಆಫೀಸಿಗೆ ಬಂದಿತ್ತು. ಮಾತು ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬ ತರುಣ ಬಾಗಿಲಲ್ಲಿ ನಿಂತ. "ಗುರುತು ಸಿಕ್ಕಿತೇ ಸಾರ್?" ಎಂದ. ಸಿಕ್ಕಿತು. ನಮಗೆ ತಲೆಯೆತ್ತಲಾಗಲಿಲ್ಲ. ನಾವು ಕ್ಷಮೆ ಕೇಳುವ ಮೊದಲೇ ಅವನು ನಗುತ್ತ ಕೇಳಿದ: "ಆ ಬೇತಾಳನ ಪ್ರಶ್ನೆಗೆ ರಾಜ ಏನು ಉತ್ತರ ಹೇಳಿದ ಸಾರ್? ಅಷ್ಟರಲ್ಲಿ ನೀವು ಕಿತ್ತುಕೊಂಡಿರಿ. ಆಮೇಲೆ ಎಲ್ಲಿ ಹುಡುಕಿದರೂ ಆ ಸಂಚಿಕೆ ಸಿಗಲಿಲ್ಲ."

ಹತ್ತು ವರ್ಷ ಮೂಟೆ ಹೊತ್ತ ಹೆಗಲಿನ ಮೇಲೆ ಆ ಕತೆಯೂ ಕೂತಿತ್ತು, ಬಂಧುಗಳೇ. ನಮಗೆ ಉತ್ತರ ಗೊತ್ತಿರಲಿಲ್ಲ. ನಾವು ಹರಿದ ಪುಸ್ತಕವನ್ನು ನಾವು ಓದಿರಲಿಲ್ಲ.

ಅವನಿಗೀಗ ಒಬ್ಬ ಮಗಳಿದ್ದಾಳೆ. ಬರುವ ಜೂನಿಗೆ ಒಂದನೆಯ ಇಯತ್ತೆಗೆ ಸೇರುತ್ತಾಳೆ. ಅವಳ ಕೈಯಿಂದ ಯಾರೂ ಪುಸ್ತಕ ಕಿತ್ತುಕೊಳ್ಳಬಾರದು; ಅವಳು ಹೋಗುವ ಶಾಲೆಯ ಬೀರುವಿಗೆ ಬೀಗವಿರಬಾರದು; ಬೆಳಗ್ಗೆ ಹತ್ತು ನಿಮಿಷ ಅವಳು ಓದುವಾಗ ಅವಳ ಮಾಸ್ತರರೂ ಎದುರಿಗೆ ಕುಳಿತು ಓದುತ್ತಿರಬೇಕು. ಜೂನಿಗೆ ಇನ್ನೂ ಸಮಯವಿದೆ. ಸಮಿತಿಯ ಸಭೆ ಯಾವಾಗ ಎಂದು ನಾಳೆಯೇ ವಿಚಾರಿಸಿರಿ. ಬೀರು ಎಷ್ಟು ಶಾಲೆಗಳಲ್ಲಿ ತೆರೆಯಿತೆಂಬುದನ್ನು ಈ ಪತ್ರಿಕೆಗೆ ಕಾರ್ಡು ಬರೆದು ತಿಳಿಸಿರಿ. ಊರಿನ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.